ನನ್ನ ಹೆಸರು ಬರುವ ಹಾಡು

ಈ ಕಾಯಿ ಇನ್ನೂ ಆಗಿಲ್ಲ, ಕಿವಿಗೆ ಹಿಡಿದು ಅಲ್ಲಾಡಿಸಿದರೆ ಒಳಗೆ ಕುಳುಕ್ ಅನ್ನುತ್ತದೆ, ನೀರಿದೆ, ಗೋಡೆ ಕಡೆಗೆ ಉರುಳಿಸುತ್ತೇನೆ, ಇನ್ನೊಂದು ಎತ್ತಿಕೊಳ್ಳುತ್ತೇನೆ, ಇದು ಆಗಿದೆ, ನೀರು ಇಂಗಿ ಕೊಬ್ಬರಿ ಕರಟ ಬಿಟ್ಟಿದೆ, ಗೊಟಕ್, ಇದು ಅಟ್ಟದ ಬಾಯಿಯ ಕಡೆಗೆ — ಮಾತಾಡಬಾರದು, ಕಾಯಿ ನೋಡುವಾಗ ಬಾಯಿ ಮುಚ್ಚಿರಬೇಕು, ಇಲ್ಲದಿದ್ದರೆ ಕಾಯಿ ಹೇಳಿದ್ದು ಕೇಳುವುದಿಲ್ಲ ಅನ್ನುತ್ತಾಳೆ ಅವ್ವ, ನನಗೆ ಅದೇನು ಕಷ್ಟವಲ್ಲ, ಸುಮ್ಮನಿರುವುದೊಂದು ನನಗೆ ಯಾರೂ ಕಲಿಸದೆ ಬಂದದ್ದು, ಒಂಬತ್ತನೇ ಕ್ಲಾಸಿನವರೆಗೆ ಮೇಷ್ಟ್ರು ನನ್ನನ್ನು ಏನೂ ಕೇಳಲಿಲ್ಲ, ನಾನೂ ಏನೂ ಹೇಳಲಿಲ್ಲ, ಆಮೇಲೆ ಸ್ಕೂಲೇ ಬಿಟ್ಟೆ. ಗಾಜಿನ ಹಂಚಿನಿಂದ ಬಿಸಿಲು ಇಳಿದು ಕಾಯಿಗಳ ಮೇಲೆ ಬಿದ್ದಿದೆ, ಮಟ್ಟೆಯ ಧೂಳು ಅದರಲ್ಲಿ ಸುತ್ತುತ್ತಿದೆ, ಆ ಬಿಸಿಲಿನಲ್ಲಿ ಒಂದು ಕೈ, ಉಗುರಿನ ತುದಿಗೆ ಮಾಸಿದ ಮದರಂಗಿ, ಕೈಯಲ್ಲಿ ಕಾಯಿ — ಬೇಡ, ಅದು ಅಕ್ಸಾಳ ಕೈ, ಅದು ಯಾಕೆ ಈಗ. ಮಡಿಲಲ್ಲಿ ಫೋನಿದೆ. ಬೆಳಿಗ್ಗೆ ಅವಳು ಕಳಿಸಿದ್ದು ಹಾಗೇ ಇದೆ, ನಾನು ನೋಡಿದ್ದೇನೆ ಅಂತ ಅವಳಿಗೆ ಗೊತ್ತಾಗಿದೆ, ವರ್ಷ ಮುಗೀತಾ ಐತೆ ಮೀನಾ, ನಿನ್ ಹಾಡು ಯಾವ್ದು, ಒಂದೇ ಹೇಳ್ಬೇಕು, ಈ ಸಲ ನಾನ್ ಹೇಳ್ಕೊಡಲ್ಲ.

ತಿಪಟೂರಿನಲ್ಲಿ ಹಸೀನಾ ಆಂಟಿಯ ಹೊಲಿಗೆ ಅಂಗಡಿ, ನಾನು ಬಿಳಿಗೆರೆಯಿಂದ ಬಸ್ಸಿನಲ್ಲಿ ಹೋಗಿ ಬ್ಲೌಸ್ ಕಲಿತದ್ದು ಅಲ್ಲೇ, ಆಂಟಿಯ ಮಗಳು ಅಕ್ಸಾ, ಅವಳಿಗೆ ಹಾಡಿನ ಹುಚ್ಚು, ಹುಕ್ಸ್ ಹಾಕುವಾಗ ಹಾಡು, ಫಾಲ್ ಹೊಲಿಯುವಾಗ ಹಾಡು, ವರ್ಷ ಮುಗಿಯುವಾಗ ಇಬ್ಬರೂ ಆ ವರ್ಷದ ಹಾಡುಗಳನ್ನು ಇಷ್ಟದ ಲೆಕ್ಕದಲ್ಲಿ ಒಂದರ ಹಿಂದೆ ಒಂದು ನಿಲ್ಲಿಸಬೇಕು, ಅದು ಅವಳು ಮಾಡಿದ ಕಾನೂನು, ನಾನು ಹ್ಞೂಂ ಹ್ಞೂಂ ಅನ್ನುತ್ತಿದ್ದೆ, ಅವಳೇ ಇಬ್ಬರದ್ದೂ ಹೇಳಿಬಿಡುತ್ತಿದ್ದಳು, ನಿಂಗ್ ಅದೇ ಇಷ್ಟ, ನಂಗೊತ್ತು ಬುಡು. ಈಗ ಅವಳು ಕಡೂರಿನಲ್ಲಿ, ಬಕ್ರೀದ್ ಆದಮೇಲೆ ಮದುವೆಯಾಯಿತು. ಯಾವುದು ಹೇಳಲಿ, ಸೀಟಿಯಿಂದ ಶುರುವಾಗುವ ಹಾಡು, ಹಂದನಕೆರೆ ಬಸ್ಸಿನ ಡ್ರೈವರು ಹಾಕುತ್ತಿದ್ದದ್ದು, ಅದು ಬಂದಾಗೆಲ್ಲ ಬಸ್ಸು ಸ್ವಲ್ಪ ಜೋರಾಗಿ ಓಡುತ್ತಿತ್ತು, ಆಮೇಲೆ ಆ ದಪ್ಪ ಗಂಟಲಿನವನದು, ಹುಡುಗಿ ಬಿಟ್ಟು ಹೋದಳು ಅಂತ ಅಳುತ್ತಾನೆ, ಅಳುತ್ತಲೇ ಕುಣಿಯುತ್ತಾನೆ, ಅಕ್ಸಾ ಅದನ್ನು ಕೇಳಿ, ಇವನನ್ನ ಬುಟ್ಟು ಹೋಗಿದ್ದೇ ಒಳ್ಳೇದಾಯ್ತು ಕಣೇ ಅಂದಿದ್ದಳು — ಇವೆಲ್ಲ ಇಷ್ಟವೇ, ಆದರೆ ಮೊದಲನೆಯದು ಇವಲ್ಲ, ಮೊದಲನೆಯದು ಆ ಕೊರಿಯಾ ಹುಡುಗಿಯರದು, ಅದರಲ್ಲಿ ನನ್ನ ಹೆಸರು ಬರುತ್ತದೆ. ಬರುತ್ತಿತ್ತು.

ಬರುತ್ತಿತ್ತು, ನಾನು ಕಿವಿಯಾರೆ ಕೇಳಿದ್ದೇನೆ, ಹಾಡು ಮುಗಿಯುವ ಹೊತ್ತಿಗೆ ಅವರೆಲ್ಲ ಸುಮ್ಮನಾಗುತ್ತಾರೆ, ಡೋಲಿನಂಥದೊಂದು ಮೆಲ್ಲಗೆ ಬಡಿಯುತ್ತದೆ, ಎರಡು, ಬಿಟ್ಟು ಒಂದು, ಆಮೇಲೆ ಒಬ್ಬಳು ಉಸಿರಿನಲ್ಲೇ ಮೀನಾ ಅನ್ನುತ್ತಾಳೆ. ಆ ಭಾಷೆಯಲ್ಲಿ ಮೀನಾ ಅಂದರೆ ಏನೋ, ಬಾ ಅಂತಲೋ ಹೋಗು ಅಂತಲೋ, ನನಗೇನು, ನನ್ನ ಹಳೇ ಕೀಪ್ಯಾಡ್ ಫೋನಿನಲ್ಲಿ ನೆಟ್ ಇರಲಿಲ್ಲ, ಹಾಡನ್ನು ಅಕ್ಸಾಳೇ ತುಂಬಿಕೊಟ್ಟಿದ್ದಳು, ಗೌರಿ ಹಬ್ಬದವರೆಗೂ ಅದೇ ಹಾಡು, ರಾಗಿ ಬೀಸಿಸಲು ಮಿಲ್ಲಿನ ಮುಂದೆ ನಿಂತರೂ ಅದೇ, ದೂರದಲ್ಲಿ ಎಲ್ಲೋ ಹಾಡಿದ ಹಾಗೆ ಕೇಳಿಸುತ್ತಿತ್ತು, ಕೊರಿಯಾ ದೂರವಲ್ಲವೇ ಅಂದುಕೊಂಡಿದ್ದೆ. ಆಮೇಲೆ ಫೋನು ನೀರಿನ ತೊಟ್ಟಿಗೆ ಬಿತ್ತು. ಅಕ್ಸಾಳ ಅಣ್ಣ ಯಾಸೀನ್ ಬಿಚ್ಚಿ ನೋಡಿ, ಮೆಮೊರಿ ಕಾರ್ಡೂ ಹೋಗೈತೆ ಕಣಮ್ಮ, ಒಣಗಿಸಿದ್ರೂ ಏನೂ ಬರಲ್ಲ ಅಂದ, ಹೋಗಲಿ ಬಿಡಿ ಅಂದೆ, ಹಾಡು ಎಲ್ಲಿ ಹೋಗುತ್ತದೆ, ಊರೆಲ್ಲ ಕೇಳುವ ಹಾಡು. ಫ್ಯಾನ್ಸಿ ಸ್ಟೋರಿನಲ್ಲಿ ಒಂದು ದಿನ ಹಾಕಿದ್ದರು, ರಬ್ಬರ್‌ಬ್ಯಾಂಡ್ ಕೊಳ್ಳುತ್ತಾ ಕೊನೆಯವರೆಗೂ ನಿಂತೆ, ಹೆಸರು ಬರಲಿಲ್ಲ, ಜನದ ಗಲಾಟೆ ಅಂದುಕೊಂಡೆ. ಅಕ್ಕ ಕೊಟ್ಟ ಈ ಟಚ್ ಫೋನಿನಲ್ಲಿ ಇವತ್ತು ಬೆಳಿಗ್ಗೆ ಹುಡುಕಿ ಹಾಕಿದೆ, ಅದೇ ಹುಡುಗಿಯರು, ಅದೇ ಹಾಡು, ಕಿವಿಯ ಒಳಗೇ ನಿಂತು ಹಾಡುತ್ತಾರೆ, ಕೊನೆಗೆ ಸುಮ್ಮನಾದರು, ಡೋಲೂ ಇಲ್ಲ, ಮೀನಾನೂ ಇಲ್ಲ, ಮುಗಿದೇ ಹೋಯಿತು. ಇಯರ್‌ಫೋನಿನ ಎಡಗಡೆಯದು ಕೆಟ್ಟಿದೆ, ನನ್ನ ಹೆಸರು ಎಡಗಡೆ ಇರಬಹುದು ಅಂತ ಅದನ್ನೂ ತೆಗೆದು ಫೋನನ್ನೇ ಕಿವಿಗೆ ಒತ್ತಿಕೊಂಡು ಕೇಳಿದೆ, ಇಲ್ಲ. ಹಾಡಿದವರು ತೆಗೆದುಹಾಕಿದರೇ, ಹಾಗೆಲ್ಲ ತೆಗೆಯುತ್ತಾರೆಯೇ, ಅಥವಾ ಇದೇ ಥರ ಎರಡು ಹಾಡಿವೆಯೇ, ಅಥವಾ ಅದು ಯಾವತ್ತೂ ಇರಲೇ ಇಲ್ಲ, ನನ್ನನ್ನು ಯಾರೂ ಕರೆಯುವುದಿಲ್ಲ ಅಂತ ನನ್ನ ಕಿವಿಯೇ ಕರೆದುಕೊಂಡಿತೇ, ಹಾಗಾದರೆ ಅಕ್ಸಾಗೆ ಏನಂತ ಹೇಳಲಿ, ಇಲ್ಲದ ಹಾಡು ನನ್ನ ಹಾಡು ಅಂತಲೇ.

ಏನ್ ಮೀನಮ್ಮ, ಕಾಯ್ ಜೊತೆ ಕಷ್ಟ ಸುಖ ಮಾತಾಡ್ತಾ ಕುಂತ್ಯಾ, ತಳ್ಳವ್ವ ಕೆಳಕ್ಕೆ — ಸುಲಿಯುವ ಲಕ್ಕಯ್ಯ, ಕೆಳಗೆ ಅಂಗಳದಲ್ಲಿ, ಅವ್ವ ನಗುತ್ತಾಳೆ, ಅವ್ಳು ಮಾತಾಡಿದ್ರೆ ನಾನೇ ನಿಂಗ್ ಹೋಳಿಗೆ ಹಾಕ್ತೀನಿ ಕಣಪ್ಪ. ತಳ್ಳುತ್ತೇನೆ, ಧಬ್, ಧಬ್, ಇನ್ನೊಂದು ಎತ್ತುತ್ತೇನೆ, ಕಿವಿಗೆ ಹಿಡಿಯುತ್ತೇನೆ, ಗೊಟಕ್ ಗೊಟಕ್, ಕೈ ಸೋತು ನಿಲ್ಲುತ್ತದೆ, ಆಮೇಲೆ ಗೊಟಕ್. ಎರಡು, ಬಿಟ್ಟು ಒಂದು. ಮತ್ತೆ ಅಲ್ಲಾಡಿಸುತ್ತೇನೆ. ಡೋಲು. ಇದು ಡೋಲು. ಇಲ್ಲ, ಇದು ಕಾಯಿ, ಹಾಡಿನಲ್ಲಿ ಕಾಯಿ ಯಾಕಿರುತ್ತದೆ, ಕೊರಿಯಾದಲ್ಲಿ ಅಟ್ಟ ಎಲ್ಲಿದೆ, ಮತ್ತೆ ಅಲ್ಲಾಡಿಸುತ್ತೇನೆ, ಅದೇ, ಮಟ್ಟೆಯೊಳಗಿಂದ ಬರುವ ಅದೇ ಮೆತ್ತನೆಯ ಬಡಿತ, ಇಷ್ಟು ತಿಂಗಳು ಕೇಳಿದ್ದೇನೆ, ಹುಟ್ಟಿದಾಗಿನಿಂದ ಕೇಳಿದ್ದೇನೆ, ಎರಡೂ ಒಂದೇ ಅಂತ ಯಾಕೆ ಗೊತ್ತಾಗಲಿಲ್ಲ. ರಂಜಾನ್ ತಿಂಗಳು ಅದು, ಅಕ್ಸಾ ಒಬ್ಬಳೇ ಬಸ್ಸು ಹತ್ತಿ ನಮ್ಮ ಮನೆಗೆ ಬಂದಿದ್ದಳು, ಅವ್ವ ಎಳನೀರು ಕೆತ್ತಿ ಮುಂದೆ ಹಿಡಿದು, ಅಯ್ಯೋ ನನ್ ಬುದ್ಧಿಗಿಷ್ಟು, ಉಪಾಸ ಅಲ್ವಾ ಮಗಳೇ ಅಂತ ತಾನೇ ಕುಡಿದಳು, ಅಕ್ಸಾ ನಕ್ಕು ನಕ್ಕು ಅಟ್ಟಕ್ಕೆ ಹತ್ತಿದಳು, ಇಲ್ಲೇ ಕೂತಳು, ಈ ಗಾಜಿನ ಹಂಚಿನ ಕೆಳಗೆ, ಕಾಯಿ ಅಲ್ಲಾಡಿಸಿ, ಮೀನಾ ಒಳಗೆ ಯಾರೋ ಅವ್ರೆ ಕಣೇ, ಬಾಗ್ಲು ತಟ್ತಾ ಅವ್ರೆ ಅಂದಳು. ಅವ್ವ ಕರೆದಳು ಅಂತ ನಾನು ಕೆಳಗೆ ಹೋದೆ, ಬರುವಾಗ ಏಣಿಯ ಮೇಲಿಂದ ತಲೆ ಎತ್ತಿದರೆ ಅವಳ ಒಂದು ಕೈಯಲ್ಲಿ ಕಾಯಿ, ಒಂದು ಕೈಯಲ್ಲಿ ಅವಳ ಫೋನು, ಪಕ್ಕದಲ್ಲಿ ಅವಳು ಜೊತೆಗೆ ತಂದಿದ್ದ ತಾಯಿಯ ಫೋನಿನಲ್ಲಿ ಹಾಡು, ಶ್ ಅಂದಳು, ನಾನು ಏಣಿಯ ಮೇಲೆ ಹಾಗೇ ನಿಂತೆ, ಅವಳು ಹಾಡನ್ನೂ ಕಾಯಿಯನ್ನೂ ಒಟ್ಟಿಗೆ ಕೇಳುತ್ತಿದ್ದಾಳೆ ಅಂದುಕೊಂಡೆ, ಹುಚ್ಚಿ ಅಂದುಕೊಂಡೆ. ಹಾಡು ದೂರದಿಂದ ಬಂದದ್ದು ಕೊರಿಯಾದಿಂದಲ್ಲ. ಪಕ್ಕದ ಫೋನಿನಿಂದ, ಅವಳು ಅದನ್ನು ತನ್ನ ಫೋನಿಗೆ ರೆಕಾರ್ಡ್ ಮಾಡಿಕೊಳ್ಳುತ್ತಿದ್ದಳು.

ಹಾಗಾದರೆ ಉಸಿರಿನಲ್ಲಿ ಕರೆದವಳು. ಮಾರನೇ ವಾರ ಅಂಗಡಿಯಲ್ಲಿ ಅವಳು ಸೂಜಿಗೆ ದಾರ ಪೋಣಿಸುತ್ತಾ, ತಲೆ ಎತ್ತದೆ, ಕೊನೇವರ್ಗೂ ಕೇಳಿದ್ಯಾ ಅಂದಳು, ಹ್ಞೂಂ ಅಂದೆ, ಎಂಗೈತೆ, ಚೆನ್ನಾಗೈತೆ, ಅಷ್ಟೇನಾ, ಅಷ್ಟೇ ಅಂದೆ, ನನ್ನ ಹೆಸರು ಬರುತ್ತದೆ ಅಂತ ಹೇಳಿದರೆ ನಗುತ್ತಾಳೆ ಅಂತ ನಾಚಿಕೆ, ಎಲ್ಲಿಯದೋ ಹಾಡಿನಲ್ಲಿ ತನ್ನ ಹೆಸರು ಹುಡುಕುವವಳು ಅಂತ ನಾಚಿಕೆ, ಅವಳು ದಾರ ಕಚ್ಚಿ ಕಡಿದಳು, ಸರಿ ಬುಡು. ಮದುವೆಯ ದಿನ ಜರಿಯ ಮುಸುಕಿನೊಳಗಿಂದ ನನ್ನ ಬೆರಳು ಹಿಡಿದುಕೊಂಡು ಏನಾರಾ ಹೇಳೇ ಅಂದಳು, ನಾನು, ಕಡೂರು ಏನು ದೂರ ಅಂದೆ, ಅವಳು ಬೆರಳು ಬಿಟ್ಟು, ನಿಮ್ಮೋರಿಗೆ ಬೇರೆ ಪಲಾವ್ ಮಾಡ್ಸವ್ರೆ, ಹೋಗ್ ಉಣ್ಣು ಅಂದಳು, ನಾನು ಹೋಗಿ ಉಂಡೆ. ಅವಳು ಕೇಳುತ್ತಲೇ ಇದ್ದಳು, ಇವತ್ತು ಬೆಳಿಗ್ಗೆಯೂ ಅದನ್ನೇ ಕೇಳಿದ್ದಾಳೆ, ನಾನು ಈಗ ಆ ಕೊರಿಯಾ ಹುಡುಗಿಯರ ಹಾಡು ಅಂತ ಬರೆದರೆ ಅದು ಅವರ ಹಾಡಾಗುತ್ತದೆ, ಇನ್ನೂ ಕೇಳಿಸಿಲ್ಲ ಇವಳಿಗೆ ಅಂತ ಇನ್ನು ಕೇಳುವುದನ್ನೇ ಬಿಡುತ್ತಾಳೆ, ನಿನ್ನದು ಅಂತ ಬರೆದರೆ, ಅದು ನಿಜವೋ ಅಲ್ಲವೋ, ಕಾಯಿ ನಿಜ, ಏಣಿ ನಿಜ, ಮೀನಾ ಅಂದದ್ದು ಅವಳ ದನಿಯೇ ಅಂತ ನೋಡಲು ನನ್ನ ಹತ್ತಿರ ಈಗ ಆ ಹಾಡೇ ಇಲ್ಲ, ದನಿ ನೆನಪು ಮಾಡಿಕೊಳ್ಳುತ್ತೇನೆ, ಒಮ್ಮೆ ಅವಳದು ಅನ್ನಿಸುತ್ತದೆ, ಒಮ್ಮೆ ಯಾರದ್ದೂ ಅಲ್ಲ ಅನ್ನಿಸುತ್ತದೆ. ಫೋನಿನ ಮೈಕನ್ನು ಒತ್ತಿ ಹಿಡಿದೆ, ಕಾಯಿಯನ್ನು ಅದರ ಹತ್ತಿರ ತಂದು ಅಲ್ಲಾಡಿಸಿದೆ, ಎರಡು, ಬಿಟ್ಟು ಒಂದು, ಇನ್ನು ಮಾತಾಡಬೇಕು, ಬಾಯಿ ತೆರೆದೆ, ಬೆರಳು ಜಾರಿತು, ಬರೀ ಕಾಯಿಯ ಸದ್ದು ಹೋಯಿತು. ಎರಡು ಟಿಕ್ ಬಂದವು, ಬೂದು ಬಣ್ಣ, ಹಾಗೇ ಇವೆ, ಅವಳಿನ್ನೂ ನೋಡಿಲ್ಲ, ಕೆಲಸದಲ್ಲಿರಬಹುದು, ಫೋನು ಅತ್ತೆಯ ಕೈಯಲ್ಲಿರಬಹುದು, ಮೀನಾ, ಕಾಯ್ ತಳ್ತೀಯೋ ಇಲ್ವೋ ಅನ್ನುತ್ತಾಳೆ ಅವ್ವ, ಇದು ಅವ್ವನ ಮೀನಾ, ಇದಲ್ಲ, ಬಿಸಿಲು ಸ್ವಲ್ಪ ಸರಿದಿದೆ, ಅಲ್ಲೇ ಕೂತಿದ್ದಳು, ಮಾಸಿದ ಮದರಂಗಿಯ ಉಗುರು, ಕೈಯಲ್ಲಿ ಕಾಯಿ, ಫೋನಿನ ಹತ್ತಿರ ಬಾಗಿದ ಬಾಯಿ, ನಾನು ಏಣಿಯ ಮೇಲೆ, ಮೈಕನ್ನು ಮತ್ತೆ ಒತ್ತಿ ಹಿಡಿಯುತ್ತೇನೆ, ಮಾಸಿದ ಮದರಂಗಿಯ ಉಗುರು, ಕಾಯಿ, ತೆರೆಯುತ್ತಿರುವ ಬಾಯಿ —

ಅಕ್ಸಾ, ಇನ್ನೊಂದ್ಸಲ ಕರಿಯೇ.