ವೀರವ್ವನ ಗುಂಡಗಡಿಗಿ

ಹುಟ್ಟಿದಾಗ ಕಟ್ಟಿದ ಲಿಂಗ. ಅರವತ್ತೊಂದು ವರ್ಷದಾಗ ವೀರವ್ವ ಅದನ್ನ ಒಂದು ದಿನಾನೂ ಮೈಮ್ಯಾಲಿಂದ ತಗದಾಕಿ ಅಲ್ಲ. ತಗದಿದ್ದು ಇವತ್ತ ಮುಂಜಾನಿ, ಅದೂ ಸಮುದ್ರದಾಗ ಮುಳುಗೂ ಆಸೇಕ್ಕ. "ಅತ್ತಿ, ಉಪ್ಪು ನೀರಿಗಿ ಬೆಳ್ಳಿ ಕರ್ರಗ ಆಗತೈತಿ" ಅಂದಾಕಿ ತಮ್ಮನ ಮಗಳು ಐಶ್ವರ್ಯ. ಸಣ್ಣ ಹುಡುಗಿ ಮಾತು ಕೇಳಿ ವೀರವ್ವ, ಲಿಂಗ ಇದ್ದ ಬೆಳ್ಳಿ ಗುಂಡಗಡಿಗಿನ್ನ ದಾರದ ಸಮೇತ ಗಾಳಿಮರದ ಟೊಂಗಿಗಿ ಸಿಗಿಸಿ, ಸೀರಿ ಎತ್ತಿ ಕಟ್ಟಿ ನೀರಿಗಿ ಇಳದ್ಲು. ಒಂದು ತೆರಿ ಬಂದು ಕೆಡವಿ ಹಾಕ್ತು. ಆಕಿ, ತಮ್ಮ, ಐಶ್ವರ್ಯ ಮೂರೂ ಮಂದಿ ನಕ್ಕೂ ನಕ್ಕೂ ಸಾಕಾದ್ರು. ತಿರಿಗಿ ಬಂದು ನೋಡ್ತಾರ, ಟೊಂಗಿ ಖಾಲಿ!

ಚಿಕ್ಕೇರೂರ ಬಿಟ್ಟು ಎರಡು ದಿನ ಆಗಿತ್ತು. ತಮ್ಮ ಮೃತ್ಯುಂಜಯ ತನ್ನ ಪಿಕಪ್ ಗಾಡಿಗಿ ತಾಡಪತ್ರಿ ಕಟ್ಟಿ, ಗ್ಯಾಸಿನ ಒಲಿ, ಒಂದು ಟೆಂಟು, ನೂರು ಕಟಕ ರೊಟ್ಟಿ ಹೇರಿಕೊಂಡು, ಹಾನಗಲ್ಲ ದಾಟಿ ಘಟ್ಟ ಇಳಿಸಿಕೊಂಡು ಬಂದಿದ್ದ. ಲಾಡ್ಜು ಬ್ಯಾಡ, ಮನಸು ಬಂದಲ್ಲಿ ಟೆಂಟು ಹೊಡಿಯೂಣು ಅಂತ ಐಶ್ವರ್ಯಾನ ಹಟ. ಹಂಗ ನಿನ್ನಿ ಸಂಜಿಗಿ ಈ ಸಣ್ಣ ಊರಿನ ದಂಡಿಗಿ ಇಳದಿದ್ರು.

"ರೊಕ್ಕ ಹೋಗಿದ್ರ ಹಾಳಾಗಿ ಹೋಗ್ಲಿ ಅಂತಿದ್ನಿ. ಹೋಗಿದ್ದು ನನ್ನ ಜೀವಾನ ಅಲ್ಲೇನೋ ತಮ್ಮಾ!" ಲಿಂಗಪೂಜಿ ಆಗೂತನಕ ಆಕಿ ಗುಟುಕು ನೀರೂ ಮುಟ್ಟಂಗಿಲ್ಲ.

ಅಷ್ಟರಾಗ ತಲಿಮ್ಯಾಲ ಮೀನಿನ ಬುಟ್ಟಿ, ಕೈಯಾಗ ಒಂದು ಕೋಲು ಹಿಡಕೊಂಡು ಒಬ್ಬಾಕಿ ಹತ್ರ ಬಂದ್ಲು. "ಅಮ್ಮಾ, ಒಂಚೂರು ನಿಲ್ರಾ..."

ಮೃತ್ಯುಂಜಯ ಮೂಗಿಗಿ ಟಾವೆಲ್ ಹಿಡದ. "ನಾವು ಮೀನ ತಿನ್ನಂಗಿಲ್ಲಬೇ, ಮುಂದಕ್ಕ ಹೋಗ."

ವೀರವ್ವ ಆಕಿನ್ನ ಕೆಳಗಿಂದ ಮ್ಯಾಲಿನ ತನಕ ನೋಡಿದ್ಲು. ಗುಂಡಗಡಿಗಿ ಸಿಗಿಸೂ ಮುಂದೂ ಈಕಿ ಇಲ್ಲೇ ಕುಂತಿದ್ಲಲ್ಲ?

ಬೆಳ್ಳಿ ಕದ್ದಾವ್ರು ಮೊದ್ಲ ಪತ್ತಾರನ ಹಂತೇಕ ಹೋಗ್ತಾರ ಅಂತ ವೀರವ್ವನ ಲೆಕ್ಕ. ಸೀಗಡಿ ಒಣಗಾಕ ಹಾಕಿದ್ದ ಓಣಿ ಹಿಡದು, ಹಂಚಿನ ಮನಿ ದಾಟಿ, ಪ್ಯಾಟಿಗಿ ಬಂದ್ರು. ಇದ್ದ ಒಬ್ಬ ಪತ್ತಾರ ಆಗಷ್ಟ ಬಾಗಲಾ ತಗೀತಿದ್ದ. "ಇಂದು ಇನ್ನೂ ಬೋಣಿನೇ ಆಗ್ಲಿಲ್ಲ ಅಮ್ಮಾ" ಅಂದ. ವೀರವ್ವಗ ನಂಬಿಕಿ ಬರ್ಲಿಲ್ಲ. ಬಗ್ಗಿ ಅವನ ತಕ್ಕಡಿ ತನಕ ನೋಡಿದ್ಲು. ಚಾದಂಗಡ್ಯಾಗ ಮಾತಾಡ್ಕೋತ ಕುಂತಾವ್ರು ಇವರನ್ನ ಕಂಡ ಕೂಡ್ಲೆ ಗಪ್ ಆದ್ರು. ಇವರೂ ಕಳ್ಳರ ಕಡೇವ್ರ ಇರಬೇಕು! ಸೈಕಲ್ಲಿನಾವ ಎರಡು ಸಲ ತಿರಿಗಿ ನೋಡಿದ. ಅವನೂ ಹಂಗ ಕಂಡ. ಊರಿಗೂರ ಸೇರಿ ಲಿಂಗ ನುಂಗಿ ಕುಂತೈತಿ ಅನಸ್ತು ವೀರವ್ವಗ.

"ಅತ್ತಿ," ಐಶ್ವರ್ಯ ಪಿಸುಗುಟ್ಟಿದ್ಲು, "ಆ ಮೀನಿನಾಕಿ ಹಿಂದ ಬರಾಕತ್ತಾಳ."

ಹೌದು. ಪತ್ತಾರನ ಬಾಗಲಕ್ಕೂ ಇದ್ಲು, ಚಾದಂಗಡಿ ಮುಂದೂ ಇದ್ಲು. ಮೀನು ಮಾರೂದು ಬಿಟ್ಟು ಇವರ ಬೆನ್ನ ಹತ್ತ್ಯಾಳ ಅಂದ್ರ ಏನರ್ಥ? "ಪೊಲೀಸರ ಕಡೆ ಹೋಗ್ತೇವೇನಂತ ನೋಡಾಕ ಬರಾಕತ್ತಾಳ, ಹಾದರಗಿತ್ತಿ!" ದೋಣಿ ಕಟ್ಟೂ ಜಾಗಾದ ಮೂಲ್ಯಾಗ ವೀರವ್ವ ಗರ್ರನ ತಿರಿಗಿದ್ಲು. "ಬುಟ್ಟಿ ಇಳಸ!"

"ಅಮ್ಮಾ, ನಾ ಹೇಳೂದು..."

"ಮೊದ್ಲ ಬುಟ್ಟಿ ಇಳಸ ಅಂದ್ನಿ!"

ಆಕಿ ಮಾರಿ ಕೆಂಪಗಾತು. ಬುಟ್ಟಿ ನೆಲಕ್ಕ ಕುಕ್ಕಿದ್ಲು. "ನೋಡ್ರಾ. ಈ ಊರಲ್ಲಿ ಗಣಪಿ ಕಳ್ಳಿ ಅಂತ ಒಬ್ರು ಹೇಳ್ಲಿ."

ಮೀನಿನ ನೆರಳಿಗೂ ನಿಲ್ಲದ ವೀರವ್ವ ಎರಡೂ ಕೈ ಮೊಳಕೈಮಟ ಬಂಗಡಿ ಮೀನಿನಾಗ ತೂರಿಸಿದ್ಲು. ತಣ್ಣಗ, ಲೋಳಿ ಲೋಳಿ. ಆದ್ರೂ ತಳತನಕ ಕೆದರಿದ್ಲು. ಮೀನು ಬಿಟ್ರ ಏನೂ ಇರ್ಲಿಲ್ಲ.

"ಮುಗೀತಾ?" ಗಣಪಿ ಕಣ್ಣಾಗ ನೀರು. "ಹೇಳೂಕೆ ಬಿಡ್ಬೇಕಲ್ರಾ ನೀವು! ನೀವು ನೀರಲ್ಲಿದ್ದಾಗ ಕಾಗೆ ದಾರ ಎಳೀತಿತ್ತು. ದೇವರದ್ದು ಅಂತ ಗೊತ್ತಾಯ್ತು. ನಂದು ಮೀನು ಕೈ, ಮುಟ್ಟೂಕೆ ಹೆದರಿಕೆ. ಈ ಕೋಲಲ್ಲಿ ಎತ್ತಿ ನಮ್ಮ ಜಟಗನ ಗುಡೀಲಿ ಇಟ್ಟೆ. ಅಷ್ಟು ಹೇಳೂಕೆ ಬೆಳಗಿಂದ ತಿರುಗ್ತಿದ್ದೆ."

ವೀರವ್ವಗ ಭೂಮಿ ಬಾಯಿ ಬಿಟ್ರ ಒಳಗ ಹೋಗೂವಷ್ಟು ನಾಚಿಕಿ ಆತು. ಬಿಸಲಿಗಿ ಬುಟ್ಟ್ಯಾಗಿನ ಮೀನು ಆಗಲೇ ಬಾಡಾಕತ್ತಿದ್ವು, ಒಂದೂ ಮಾರಿರ್ಲಿಲ್ಲ.

ಗಣಪಿ ಮುಂದ, ಇವರು ಹಿಂದ. ದಾರ್ಯಾಗಿನ ನಳಕ್ಕ ವೀರವ್ವ ಮೂರು ಸಲ ಕೈ ತೊಳಕೊಂಡ್ಲು. ಮೂಸಿ ನೋಡಿದ್ಲು. ವಾಸನಿ ಇದ್ದಾಂಗ ಇತ್ತು.

ಊರು ಕಾಯೂ ಜಟಗನ ಗುಡಿ ಅಂದ್ರ ಟೆಂಟಿನ ಹಿಂದ ಒಂದು ಮರದ ಬುಡಕ ನಾಕು ಕಲ್ಲು, ಒಂದು ಗೂಡು. ಗೂಡಿನಾಗ ಎಲಿಮ್ಯಾಲ ಗುಂಡಗಡಿಗಿ, ಅದರ ಮ್ಯಾಲ ಒಂದು ದಾಸಾಳ ಹೂವು. ವೀರವ್ವಗ ಅಳು ತಡೀಲಿಲ್ಲ.

"ನಿಂದು ಕೈ ಹೊಲಸ ಆಗೇತಿ ಅತ್ತಿ, ನಾ ತಗೋತೇನಿ" ಅಂತ ಐಶ್ವರ್ಯ ಮುಂದ ಬಂದ್ಲು.

"ನೀ ಸರಿ ಆ ಕಡೆ." ವೀರವ್ವ ಕಣ್ಣು ಒರಸಿಕೊಂಡ್ಲು. "ಗಣಪಿ, ನೀನ ಎತ್ತಿ ಕೊಡವಾ."

ಗಣಪಿ ಎರಡು ಹೆಜ್ಜಿ ಹಿಂದ ಸರದ್ಲು. "ಅಯ್ಯೋ, ನಂದು ಮೀನು ಕೈ ಅಮ್ಮಾ."

ವೀರವ್ವ ದಿನಾ ಲಿಂಗ ಇಟಗೊಂಡು ಪೂಜಿ ಮಾಡೂ ಎಡಗೈ ಮುಂದ ಚಾಚಿದ್ಲು.

"ಮೂಸಿ ನೋಡ. ನಂದೂ ಅದ ಕೈ ಈಗ. ಲಗೂನ ಕೊಡ, ಹಸಿವಿ ಆಗೇತಿ."