ಬಚ್ಚಲ ಗೋಡೆಯ ಗೆರೆಗಳು

"ಅಯ್ಯಯ್ಯೋ, ಇದೇನು ಬಚ್ಚಲೋ, ಒಡವೆ ಅಂಗಡಿಯೋ?" ಎಂದು ದೊಡ್ಡಕ್ಕ ಒಳಗಿನಿಂದಲೇ ಕೂಗಿದರು. "ಎಲ್ಲಿ ಮುಟ್ಟಿದ್ರೂ ಒಂದು ಡ್ರಾಯರ್ ಹೊರಗೆ ಬರುತ್ತಲ್ಲೋ! ಮುಖ ತೊಳಿಯೋಕೆ ಬಗ್ಗಿದ್ರೆ ಬೆನ್ನು ಹಿಂದಿನ ಗೋಡೆಗೆ ಗುದ್ದುತ್ತಿದ್ದ ಗೂಡಲ್ವೇನೋ ಇದು? ಇಷ್ಟೆಲ್ಲ ಎಲ್ಲಿ ಬಚ್ಚಿಟ್ಟೆ?"

"ಮೊದ್ಲು ನೀನು ಹೊರಗೆ ಬಾ ಅಕ್ಕ. ನೀನು ಒಳಗಿದ್ರೆ ಅವಳಿಗೆ ಏನೂ ಕಾಣಲ್ಲ."

"ದಪ್ಪ ಆಗಿದೀಯ ಅಂತ ನೇರವಾಗೇ ಹೇಳ್ಬಿಡು. ತಮ್ಮ ಅಲ್ವಾ, ತಡ್ಕೋತೀನಿ."

ಅವಳು ಇನ್ನೂ ಹೆಗಲಿನ ಚೀಲವನ್ನು ಕೂಡ ಇಳಿಸಿರಲಿಲ್ಲ. ಆಸ್ಪತ್ರೆಗೆ ಹತ್ತಿರವೆಂದು ವಾರಗಟ್ಟಲೆ ತಂಗಿಯ ಮನೆಯಲ್ಲಿದ್ದು, ದಿನಾ ಹೋಗಿ ಎದೆಗೆ ರೇಡಿಯೇಷನ್ ಕರೆಂಟು ಕೊಡಿಸಿಕೊಂಡು, ಅದೂ ಮುಗಿಯಿತಪ್ಪಾ ಎಂದು ಮನೆಗೆ ಬಂದರೆ, ಗಂಡ ಮತ್ತು ಗಂಡನ ಅಕ್ಕ ಇಬ್ಬರೂ ಸೇರಿ ಅವಳನ್ನು ನೇರವಾಗಿ ಬಚ್ಚಲ ಮುಂದೆ ತಂದು ನಿಲ್ಲಿಸಿದ್ದರು. ಗಂಡನ ಮುಖದಲ್ಲಿ ಪರೀಕ್ಷೆ ಪಾಸಾದ ಹುಡುಗನ ಕಳೆ. ಅವನ ಕೂದಲಲ್ಲಿ ಇನ್ನೂ ಮರದ ಹೊಟ್ಟಿತ್ತು.

ಅವನು ಬಡಗಿ. ಅದರಲ್ಲೂ ಇಕ್ಕಟ್ಟಿನ ಜಾಗಕ್ಕೆ ಹೆಸರಾದವನು. ಎರಡು ಕಾಲು ಒಟ್ಟಿಗೆ ಊರಲಾಗದ ಬಚ್ಚಲಲ್ಲೂ ಬೀರು ಹುಟ್ಟಿಸುತ್ತಾನೆ ಎಂದು ಜನ ಅವನನ್ನು ಹುಡುಕಿಕೊಂಡು ಬರುತ್ತಿದ್ದರು. ಅವನದೇ ಮನೆಯ ಬಚ್ಚಲಲ್ಲಿ ಮಾತ್ರ ಬಾಗಿಲು ತೆಗೆದರೆ ಬಕೆಟ್ಟಿಗೆ ಬಡಿಯುತ್ತಿತ್ತು, ಬಕೆಟ್ ಸರಿಸಿದರೆ ಕಾಲಿಡಲು ಜಾಗವಿರುತ್ತಿರಲಿಲ್ಲ. ಟವೆಲ್ಲಿಗೆ ಬಾಗಿಲ ಹಿಂದೆ ಒಂದು ತುಕ್ಕು ಹಿಡಿದ ಮೊಳೆ. ಸೋಪಿಗೆ ಕಿಟಕಿಯ ಅಂಚು. ಅಲ್ಲಿಂದ ಅದು ವಾರಕ್ಕೊಮ್ಮೆ ಕಮೋಡಿಗೆ ಹಾರಿ ಪ್ರಾಣ ಬಿಡುತ್ತಿತ್ತು. "ನಮ್ಮನೇದು ಯಾವಾಗ?" ಎಂದು ಅವಳು ಮದುವೆಯಾದ ಹೊಸದರಲ್ಲಿ ಕೇಳಿದ್ದಳು, ಆಮೇಲೆ ರೇಗಿದ್ದಳು, ಆಮೇಲೆ ಬಿಟ್ಟೇಬಿಟ್ಟಿದ್ದಳು. "ಈ ಕೆಲಸ ಮುಗೀಲಿ ಕಣೇ" ಎನ್ನುವುದು ಅವನ ಉತ್ತರ. ಕೆಲಸ ಯಾವತ್ತು ಮುಗಿಯುತ್ತದೆ?

"ಬಾ, ಒಂದೊಂದಾಗಿ ತೋರಿಸ್ತೀನಿ," ಎಂದು ಅವನು ಒಳಗೆ ಹೋದ. "ಬಾಗಿಲು ಈಗ ಪಕ್ಕಕ್ಕೆ ಸರಿಯುತ್ತೆ, ನೋಡು. ಬಕೆಟ್ಟಿಗೂ ಅದಕ್ಕೂ ಇನ್ನು ಜಗಳ ಇಲ್ಲ. ಈ ಸಂದಿ ನೋಡು, ಕಮೋಡಿಗೂ ಗೋಡೆಗೂ ನಡುವಿಂದು. ಇಲ್ಲಿ ಏನಿತ್ತು ಹೇಳು?"

"ಜಿರಲೆ," ಎಂದಳು ಅವಳು.

ದೊಡ್ಡಕ್ಕ ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕರು. ಅವನೂ ನಕ್ಕು, ಆ ಸಂದಿಯಿಂದ ಅಂಗೈಯಗಲದ ಒಂದು ಎತ್ತರದ ಪೆಟ್ಟಿಗೆಯನ್ನು ಎಳೆದ. ಅದಕ್ಕೆ ಕೆಳಗೆ ಸಣ್ಣ ಚಕ್ರಗಳು, ಒಳಗೆ ಮೂರು ಅಂತಸ್ತು. ಕೈ ತೊಳೆಯುವ ತೊಟ್ಟಿಯ ಕೆಳಗೆ ನೀರಿನ ಪೈಪನ್ನು ಬಳಸಿಕೊಂಡು ಹೋಗುವಂತೆ ನಡುವೆ ಕೊರೆದ ಡ್ರಾಯರು. ಉದ್ದಕ್ಕೆ ಸೀಳಿದ ಪ್ಲಾಸ್ಟಿಕ್ ಪೈಪಿನಲ್ಲಿ ಬ್ರಷ್ಷು, ಬಾಚಣಿಗೆ. ಮಡಚುವ ಒಂದು ಹಲಗೆ. ಬಿಡಿಸಿದರೆ ಕೂತು ಸ್ನಾನ ಮಾಡಬಹುದು, ಅದರ ಕೆಳಗೇ ಬಕೆಟ್ಟಿನ ಜಾಗ. ಕನ್ನಡಿಯನ್ನು ಒಂದು ಗೇಣು ಕೆಳಗಿಳಿಸಿ ಅದರ ಹಿಂದೆ ಮಾತ್ರೆಗಳಿಗೆ ಗೂಡು ಮಾಡಿದ್ದ. ಮೊದಲು ತಲೆಯ ಮೇಲಿದ್ದ ಗೀಸರಿನ ಸ್ವಿಚ್ಚು ಕೂಡ ಈಗ ಸೊಂಟದ ಮಟ್ಟಕ್ಕೆ ಬಂದಿತ್ತು. ಅದಕ್ಕಾಗಿ ಎಲೆಕ್ಟ್ರಿಷಿಯನ್ನನ್ನು ಗೋಗರೆದು ಕರೆಸಿದ್ದನಂತೆ.

"ತುಂಬಾ ಚೆನ್ನಾಗಿದೆ ರೀ," ಎಂದಳು. ನಿಜವಾಗಿಯೂ ಚೆನ್ನಾಗಿತ್ತು. ಇನ್ನೇನೋ ಹೇಳಬೇಕೆಂದು ಅವಳು ತಿರುಗಿದಾಗ ಕೈತೊಟ್ಟಿಯ ಪಕ್ಕದ ಗೋಡೆ ಕಣ್ಣಿಗೆ ಬಿತ್ತು. ಬೆಳ್ಳಗೆ, ಹೊಸ ಬಣ್ಣ. ಎದೆಯ ಮಟ್ಟದಲ್ಲಿ ಟವೆಲ್ಲಿನ ಕಂಬಿ, ಗಲ್ಲದ ಮಟ್ಟದಲ್ಲಿ ಮೂರು ಕೊಕ್ಕೆ, ಹುಬ್ಬಿನ ಮಟ್ಟದಲ್ಲಿ ಒಂದು ಹಲಗೆ. ಹಲಗೆಯ ಮೇಲೆ ಎಣ್ಣೆ ಸೀಸೆ, ಶಾಂಪೂ. ಅದರ ಮೇಲೆ ಸೂರಿನವರೆಗೆ ಖಾಲಿ ಗೋಡೆ.

ಅವಳ ಗೆರೆಗಳು ಇದ್ದದ್ದು ಆ ಗೋಡೆಯಲ್ಲಿ.

"ಎಲ್ಲ ಕೈ ಚಾಚಿದ್ರೆ ಸಿಗೋ ಹಾಗಿದೆ," ದೊಡ್ಡಕ್ಕ ಹೇಳುತ್ತಲೇ ಇದ್ದರು. "ಇನ್ನು ನೀನು ಆ ಕೈ ಮೇಲೆತ್ತೋ ಪ್ರಮೇಯವೇ ಇಲ್ಲ ಕಣಮ್ಮ. ಅಂಗಡೀಲೂ ಹಾಗೇ ಅಂತೆ. ನಿಮ್ಮ ಅಂಗಡಿ ಯಜಮಾನ್ರು ಮನೆಗೇ ಬಂದು ಹೇಳಿ ಹೋದ್ರಂತೆ, ಗಲ್ಲಾದಲ್ಲಿ ಕೂತು ಬಿಲ್ ಬರ್ಕೊಂಡಿರ್ಲಿ ಅಂತ. ಎಂಥ ಒಳ್ಳೆ ಮನುಷ್ಯ!"

"ಅಕ್ಕ, ಕಾಫಿ ಆರ್ತಾ ಇದೆ," ಎಂದ ಗಂಡ.

ಕಾಫಿಯನ್ನು ಇನ್ನೂ ಯಾರೂ ಮಾಡಿರಲಿಲ್ಲ.

ಅವಳು ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದವಳು. ಸೂರು ಮುಟ್ಟುವ ಕಪಾಟಿನ ಅರೆಗಳಲ್ಲಿ ಬಟ್ಟೆಯ ಥಾನುಗಳನ್ನು ಪೇರಿಸಿಟ್ಟ ಹಳೆಯ ಅಂಗಡಿ. ಉಳಿದ ಹುಡುಗಿಯರು ಮೇಲಿನ ಥಾನು ಬೇಕಾದರೆ ಏಣಿ ಹುಡುಕುತ್ತಿದ್ದರು. ಇವಳು ಕೆಳಗಿನ ಅರೆಯ ಅಂಚಿಗೆ ಒಂದು ಹೆಜ್ಜೆ ಇಟ್ಟು, ಬಲಗೈ ಎತ್ತಿ, ಥಾನಿನ ತುದಿಯನ್ನು ಬೆರಳಲ್ಲಿ ಹಿಡಿದು ಜಗ್ಗಿದರೆ ಅದು ತೋಳಿಗೆ ಬಂದು ಕೂರುತ್ತಿತ್ತು. ಅಲ್ಲಿಂದ ಒಂದೇ ಬೀಸಿಗೆ ಮೇಜಿನ ಮೇಲೆ ಗಿರಾಕಿಯ ಮುಂದೆ ಉರುಳಿ ಬಿಚ್ಚಿಕೊಳ್ಳುತ್ತಿತ್ತು. ಕೊಳ್ಳಲೆಂದು ಬರದವರೂ ಅದನ್ನು ನೋಡಿ ಎರಡು ಮೀಟರ್ ಕೊಂಡು ಹೋಗುತ್ತಿದ್ದರು. ಅಂಗಡಿಯಲ್ಲಿ ಅವಳಿಗೆ ಹೆಸರೇ ಏಣಿ ಅಕ್ಕ.

ಎದೆಯ ಗಂಟನ್ನು ತೆಗೆಯುವಾಗ ಕಂಕುಳವನ್ನೂ ಕೊಯ್ದರು. ಎಚ್ಚರವಾದಾಗ ಬಲಗೈ ಬೇರೆ ಯಾರದೋ ಕೈಯಂತೆ ಪಕ್ಕದಲ್ಲಿ ಮಲಗಿತ್ತು. ವ್ಯಾಯಾಮ ಹೇಳಿಕೊಡುವ ಹುಡುಗಿ ಬಂದು, "ಗೋಡೆಗೆ ಮುಖ ಮಾಡಿ ನಿಲ್ಲಿ ಆಂಟಿ, ಎರಡು ಬೆರಳನ್ನ ಜೇಡ ಹತ್ತೋ ಹಾಗೆ ಮೇಲೆ ನಡೆಸಿ, ಬೆರಳು ನಿಂತಲ್ಲಿ ಒಂದು ಗೆರೆ ಎಳೀರಿ, ನಾಳೆ ಅದನ್ನ ದಾಟಿ," ಎಂದಿದ್ದಳು. ಇವಳ ಮನೆಯಲ್ಲಿ ಒಳಗಿನಿಂದ ಚಿಲಕವಿದ್ದದ್ದು ಬಚ್ಚಲಿಗೆ ಮಾತ್ರ. ಗಂಡನ ಅಂಗಿ ಒಗೆಯುವಾಗ ಜೇಬಿನಲ್ಲಿ ಸಿಕ್ಕ ತುಂಡು ಪೆನ್ಸಿಲ್ಲನ್ನು ಅವಳು ಅಲ್ಲಿಗೆ ಒಯ್ದಳು. ಬಡಗಿಯ ಮನೆಯಾದ್ದರಿಂದ ಬಾಗಿಲ ಮೇಲೆ, ಕಪಾಟಿನ ಬೆನ್ನ ಮೇಲೆ, ಕೊನೆಗೆ ನೆಲದ ಮೇಲೂ ಪೆನ್ಸಿಲ್ ಗೆರೆಗಳಿದ್ದವು. ಅವುಗಳ ನಡುವೆ ತನ್ನವನ್ನು ಯಾರು ಗುರುತಿಸುತ್ತಾರೆ ಎಂದು ಅವಳ ಲೆಕ್ಕ.

ಬಸ್ಸಿನಲ್ಲಿ ಬರುವಾಗಲೂ ಅವಳ ಮನಸ್ಸು ಆ ಗೋಡೆಯ ಮೇಲೇ ಇತ್ತು. ತಂಗಿಯದು ಬಾಡಿಗೆ ಮನೆ, ಅಲ್ಲಿ ಗೋಡೆಗೆ ಬೆರಳು ತಾಗಿಸಿದರೂ ಮಾಲೀಕರಿಗೆ ಮೈಯುರಿ. ಮನೆಗೆ ಹೋದ ಕೂಡಲೇ ಕೊನೆಯ ಗೆರೆಯ ಮೇಲೆ ಬೆರಳಿಟ್ಟು ನೋಡಬೇಕು, ಅದನ್ನು ದಾಟಬೇಕು ಎಂದುಕೊಂಡೇ ಬಂದಿದ್ದಳು.

ದೊಡ್ಡಕ್ಕ ಕಾಫಿ ಕುಡಿದು, ತಮ್ಮನ ಕೈಚಳಕವನ್ನು ಇನ್ನೊಮ್ಮೆ ಹೊಗಳಿ, ತಮ್ಮ ಮನೆಯ ಬಚ್ಚಲಿಗೂ ಇಂಥದ್ದೇ ಒಂದು ಚಕ್ರದ ಪೆಟ್ಟಿಗೆ ಬೇಕೆಂದು ಮಾತು ತೆಗೆದುಕೊಂಡು ಹೊರಟರು. ಅವರ ಚಪ್ಪಲಿಯ ಸದ್ದು ಮೆಟ್ಟಿಲಿಳಿದ ಮೇಲೆ ಅವಳು ಬಚ್ಚಲಿಗೆ ಹೋಗಿ ಬಾಗಿಲು ಸರಿಸಿಕೊಂಡಳು. ಗೋಡೆಗೆ ಮುಖ ಮಾಡಿ ನಿಂತಳು. ಬೆರಳುಗಳು ಟವೆಲ್ಲಿನ ಕಂಬಿಯನ್ನು ಬಳಸಿಕೊಂಡು ಏರಿದವು, ಎರಡು ಕೊಕ್ಕೆಗಳ ನಡುವೆ ನುಸುಳಿದವು, ಹಲಗೆಯನ್ನು ಹೊತ್ತ ಮರದ ಪಟ್ಟಿಗೆ ತಾಗಿದವು. ಅಲ್ಲಿಗೆ ನಿಂತವು. ಕೈ ತಾನಾಗಿ ನಿಂತಿತೋ, ಹಲಗೆ ನಿಲ್ಲಿಸಿತೋ, ಅವಳಿಗೆ ತಿಳಿಯಲಿಲ್ಲ.

ಬಾಗಿಲು ತೆಗೆದಾಗ ಅವನು ಅಡುಗೆಮನೆಯ ಹೊಸ್ತಿಲಲ್ಲಿ ಅಳತೆಯ ಟೇಪನ್ನು ಎಳೆಯುತ್ತ, ಬಿಡುತ್ತ ನಿಂತಿದ್ದ.

"ಈ ಗೋಡೆ ಮೇಲೆ ಗೆರೆಗಳಿದ್ವಲ್ಲ ರೀ?"

"ಹೂಂ. ಹಲಗೆ, ಕೊಕ್ಕೆ ಎಲ್ಲ ಆ ಅಳತೆಗೇ ಹಾಕಿದ್ದು. ನಂಗೆ ಟೇಪೇ ಬೇಕಾಗ್ಲಿಲ್ಲ."

"ನನ್ನ ಗೆರೆ ಅಂತ ಗೊತ್ತಿತ್ತಾ?"

"ನನ್ನದು ಯಾವುದು ಅಂತ ನಂಗೆ ಗೊತ್ತಾಗಲ್ವೇನೇ? ನಾನು ಮಟ್ಟ ಇಟ್ಟು ಎಳೀತೀನಿ. ಅವೆಲ್ಲ ಕುಡಿದವರ ಹಾಗೆ ವಾಲಿದ್ವು."

"ಎಡಗೈಲಿ ಎಳೆದದ್ದು. ಬಲಗೈ ಗೋಡೆ ಮೇಲಿರ್ತಿತ್ತು."

"ಗೊತ್ತು." ಅವನು ಟೇಪನ್ನು ಮತ್ತೆ ಎಳೆದ. "ಬಣ್ಣ ಹೊಡಿಯೋಕೆ ಮುಂಚೆ ತುಂಬಾ ಹೊತ್ತು ನೋಡ್ತಾ ಕೂತಿದ್ದೆ. ಕೆಳಗೆಲ್ಲ ದೂರ ದೂರ ಇದ್ವು. ಮೇಲೆ ಹೋಗ್ತಾ ಹತ್ತಿರ ಹತ್ತಿರ. ಕೊನೇಲಿ ಒಂದರ ಮೇಲೇ ಒಂದು. ಗೋಡೆ ಗೀರಿ ಹೋಗೋ ಹಾಗೆ ಒತ್ತಿದ್ದೆ ನೀನು."

"ಅಲ್ಲಿಗೇ ನಿಂತ್ಹೋಯ್ತು ಅಂತ ನೀವೇ ತೀರ್ಮಾನ ಮಾಡಿದ್ರಾ?"

ಟೇಪು ಪಟ್ಟನೆ ಒಳಗೆ ಹೋಯಿತು.

"ಡಾಕ್ಟರ್ ಏನಂದ್ರು?" ಎಂದಳು ಅವಳು. "ಅವತ್ತು ನಾನು ಪರದೆ ಹಿಂದೆ ಬಟ್ಟೆ ಹಾಕ್ಕೋತಿದ್ದಾಗ ನಿಮ್ಮನ್ನ ಹೊರಗೆ ಕರ್ಕೊಂಡು ಹೋದ್ರಲ್ಲ. ಕೇಳಿದ್ರೆ ಮಾತ್ರೆ ವಿಷಯ ಅಂದ್ರಿ."

"ಮಾತ್ರೆದೂ ಹೇಳಿದ್ರು."

"ಮತ್ತೆ?"

"ಕರೆಂಟು ಕೊಟ್ಟ ಮೇಲೆ ಒಳಗೆಲ್ಲ ಬಿಗಿಯುತ್ತಂತೆ." ಅವನು ಟೇಪಿನ ಜೊತೆ ಮಾತಾಡುವವನಂತೆ ಹೇಳಿದ. "ಕೈ ಇನ್ನು ಮೇಲೇರೋದು ಸುಳ್ಳು ಅಂದ್ರು. ಇರೋಷ್ಟನ್ನ ಉಳಿಸ್ಕೊಂಡ್ರೆ ಅದೇ ದೊಡ್ಡದು ಅಂದ್ರು."

ಪಕ್ಕದ ಮನೆಯಲ್ಲಿ ಯಾರೋ ಪಾತ್ರೆ ತೊಳೆಯುತ್ತಿದ್ದ ಸದ್ದು ಕೇಳುತ್ತಿತ್ತು. ಅವಳು ಎಡಗೈಯಿಂದ ಬಲಗೈಯ ಮೊಣಕೈಯನ್ನು ಹಿಡಿದುಕೊಂಡಳು, ಬೇರೆಯವರ ಮಗುವನ್ನು ಎತ್ತಿಕೊಂಡಂತೆ.

"ಅಂಗಡಿ ಯಜಮಾನ್ರಿಗೆ ಗೊತ್ತು. ನಿಮ್ಮಕ್ಕನಿಗೆ ಗೊತ್ತು. ಸ್ವಿಚ್ಚು ಇಳಿಸಿದವನಿಗೂ ಗೊತ್ತಿರ್ಬೇಕು. ನಂಗ್ಯಾಕೆ ಹೇಳ್ಲಿಲ್ಲ?"

"ಹೇಳೋಕೆ ಹೋದೆ ಕಣೇ, ಎಷ್ಟೋ ಸಲ. ಬಾಯಿಗೆ ಬರ್ಲಿಲ್ಲ. ಕೈಗೆ ಬರೋದನ್ನ ಮಾಡ್ದೆ."

"ಗಿರಾಕಿನ ಕೇಳ್ದೆ ಒಂದು ಮೊಳೆ ಹೊಡಿಯಲ್ಲ ನೀವು. 'ಎಲ್ಲಿ ಬೇಕಮ್ಮ, ಇಲ್ಲಿಗಾ, ಇನ್ನೊಂಚೂರು ಮೇಲಾ' ಅಂತ ಹತ್ತು ಸಲ ಕೇಳ್ತೀರ. ನನ್ನ ಒಂದು ಮಾತು ಕೇಳ್ಬಾರ್ದಿತ್ತಾ?"

ಅವಳಿಗೆ ಅವನನ್ನು ಬೈಯಬೇಕೆನಿಸಿತು, ಅವನ ಕೂದಲಲ್ಲಿದ್ದ ಮರದ ಹೊಟ್ಟನ್ನು ಕೊಡವಬೇಕೆಂದೂ ಅನಿಸಿತು. ಎರಡನ್ನೂ ಮಾಡಲಿಲ್ಲ.

"ಆ ಹಲಗೆ ತೆಗೀರಿ," ಎಂದಳು.

"ಮೇಲಿರೋ ಸೀಸೆಗಳನ್ನ ಎಲ್ಲಿಡೋದು?"

"ಮೊದ್ಲು ಎಲ್ಲಿದ್ವೋ ಅಲ್ಲೇ. ಕಿಟಕಿ ಮೇಲೆ."

"ಬೀಳ್ತವೆ."

"ಬೀಳ್ಲಿ."

ಅವನು ಮತ್ತೇನೂ ಕೇಳದೆ ಸ್ಕ್ರೂಡ್ರೈವರ್ ತಂದ. ಸೀಸೆಗಳನ್ನು ಒಂದೊಂದಾಗಿ ಕಿಟಕಿಗೆ ಸಾಗಿಸಿದ. ತಾನೇ ಬಿಗಿ ಮಾಡಿದ್ದ ತಿರುಪುಗಳು ಬಿಚ್ಚಲು ಬರದೆ ಅವನ ಕತ್ತಿನ ನರ ಉಬ್ಬಿತು. ಪಟ್ಟಿ, ಹಲಗೆ ಎಲ್ಲ ಬಂದ ಮೇಲೆ ಗೋಡೆಯಲ್ಲಿ ಎರಡು ತೂತು ಉಳಿದವು. ಇಕ್ಕುಳದಿಂದ ಅವುಗಳೊಳಗಿನ ಪ್ಲಾಸ್ಟಿಕ್ ಬೆಣೆಗಳನ್ನೂ ಎಳೆದು ತೆಗೆದ. ಕೊಕ್ಕೆಗಳನ್ನು, ಕಂಬಿಯನ್ನು ಹೇಳದೆಯೇ ಬಿಚ್ಚಿದ. ಬಿದ್ದ ಸುಣ್ಣದ ಪುಡಿಯನ್ನು ಅಂಗೈಯಿಂದ ಗುಡಿಸಿ ಒಟ್ಟು ಮಾಡಿಕೊಂಡ.

"ಪೆನ್ಸಿಲ್ ಕೊಡಿ," ಎಂದಳು.

ಅವನು ಕಿವಿಯ ಮೇಲಿದ್ದ ತುಂಡು ಪೆನ್ಸಿಲ್ಲನ್ನು ತೆಗೆದು ಕೊಟ್ಟ.

"ನಾನು ಇಲ್ಲೇ ಇರ್ಲಾ?"

"ಬೇಡ. ಬಾಗಿಲು ಎಳೀರಿ."

ಬಾಗಿಲು ಸದ್ದಿಲ್ಲದೆ ಸರಿದು ಮುಚ್ಚಿಕೊಂಡಿತು. ಅವಳು ಗೋಡೆಗೆ ಎದುರಾಗಿ ನಿಂತು ಎರಡು ಬೆರಳುಗಳನ್ನು ಎದೆಯ ಮುಂದೆ ಇಟ್ಟಳು. ಹೊಸ ಬಣ್ಣದ ಮೇಲೆ ಅವು ಜಾರುತ್ತಿದ್ದವು. ಎದೆ ದಾಟಿತು, ಗಲ್ಲ ದಾಟಿತು. ಕಂಕುಳದಲ್ಲಿ ಯಾರೋ ಹಗ್ಗ ಹಾಕಿ ಕೆಳಕ್ಕೆಳೆದಂತಾಯಿತು. ಹಲ್ಲು ಕಚ್ಚಿ ಇನ್ನೊಂದು ಹೆಜ್ಜೆ ಇಡಿಸಿದಳು, ಇನ್ನರ್ಧ ಹೆಜ್ಜೆ. ಬೆರಳು ನಿಂತಿತು. ಮೇಲೆ ತಡೆಯಲು ಏನೂ ಇರಲಿಲ್ಲ. ಹಲಗೆ ಇದ್ದಾಗ ಎಲ್ಲಿ ನಿಂತಿತ್ತೋ ಅಲ್ಲೇ, ತೂತಿಗಿಂತ ಒಂದು ಬೆರಳು ಕೆಳಗೆ.

ಅವಳು ಎಡಗೈಯಿಂದ ಅಲ್ಲೊಂದು ಗೆರೆ ಎಳೆದಳು. ಅದು ಎಂದಿನಂತೆ ವಾಲಿತು.

ಪೆನ್ಸಿಲ್ ಇಡಲು ಕೈಯಳತೆಯಲ್ಲೇ ಬೇಕಾದಷ್ಟು ಜಾಗವಿತ್ತು. ಡ್ರಾಯರು, ಸೀಳಿದ ಪೈಪು, ಕನ್ನಡಿಯ ಹಿಂದಿನ ಗೂಡು. ಅವಳು ಎಡಗೈಯಿಂದಲೇ ಅದರ ಚೂಪು ತುದಿಯನ್ನು ಹಲಗೆಯ ತಿರುಪು ಬಿಚ್ಚಿದ ತೂತಿಗೆ ಇಟ್ಟು ಹೆಬ್ಬೆರಳಿನಿಂದ ಒತ್ತಿದಳು. ಒಂದಿಷ್ಟು ಸುಣ್ಣ ಉದುರಿತು. ಪೆನ್ಸಿಲ್ ಗೋಡೆಯಿಂದ ಸಣ್ಣ ಗೂಟದ ಹಾಗೆ ಹೊರಚಾಚಿ, ಹೊಸ ಗೆರೆಗಿಂತ ಒಂದು ಬೆರಳು ಮೇಲೆ, ಅಲುಗದೆ ನಿಂತಿತು.