ಗುಡಿಸದ ಷೆಡ್ಡು

"ಬಿಡು ಅಂದ್ರೆ ಬಿಡು, ಹೈರಮ್!"

"ನೀನು ಬಿಡು!"

ದೋಣಿಯ ಹಳೆಯ ಮೋಟಾರಿನ ಒಂದು ತುದಿ ಲಹೆಲಾಳ ಕೈಯಲ್ಲಿ, ಇನ್ನೊಂದು ಅವಳ ಗಂಡನ ಕೈಯಲ್ಲಿ. ಅರವತ್ತು ದಾಟಿದ ಇಬ್ಬರೂ ಷೆಡ್ಡಿನ ಹೊಸ್ತಿಲಲ್ಲಿ ಹಗ್ಗಜಗ್ಗಾಟ ಆಡುತ್ತಿದ್ದರು. ಬೇಲಿಯಾಚೆ, ಒಂದು ಕಲ್ಲೆಸೆತದ ದೂರದಲ್ಲಿ, ಲಾವಾ ಬರುತ್ತಿತ್ತು. ಅದಕ್ಕೇನೂ ಅವಸರವಿರಲಿಲ್ಲ.

"ಪೆಲೆ ಅಜ್ಜಿ ಬಾಗಿಲಿಗೆ ಬಂದಿದಾಳೆ. ಈ ಕಸಾನ ತೋರ್ಸೋದಾ ಅವಳಿಗೆ?"

"ನೋಡ್ಲಿ. ನೋಡಿ ಮೂಗು ಮುಚ್ಕೊಂಡು ವಾಪಸ್ ಹೋಗ್ಲಿ."

"ಬಾಯ್ಮುಚ್ಚು! ಕೇಳಿಸ್ಕೋತಾಳೆ."

ಬೆಂಕಿಬೆಟ್ಟದ ತಪ್ಪಲಿನ ಕಲಪಾನ ಊರಲ್ಲಿ ಲಾವಾ ಮನೆಯ ಕಡೆ ತಿರುಗಿತೆಂದರೆ ಜನ ಮೊದಲು ಹುಡುಕುವುದು ಪೊರಕೆಯನ್ನು. ಬೆಟ್ಟದ ದೇವತೆ ಪೆಲೆ ಅಜ್ಜಿ ತನ್ನ ನೆಲವನ್ನು ತಾನು ಕೇಳಲು ಬರುತ್ತಾಳೆ. ಇಷ್ಟು ವರ್ಷ ಇರಗೊಟ್ಟವಳಿಗೆ ಮನೆಯನ್ನು ಚೊಕ್ಕಟ ಮಾಡಿಯಾದರೂ ಒಪ್ಪಿಸಬೇಡವೇ?

ಲಹೆಲಾ ಹಾಗೆ ಮೂರು ಸಲ ಸಜ್ಜಾಗಿದ್ದಳು. ಮೊದಲ ಸಲ, ಬೆಟ್ಟ ಇನ್ನೂ ಹೊಸ ಹುರುಪಿನಲ್ಲಿ ಬೆಂಕಿಯ ಕಾರಂಜಿ ಚಿಮ್ಮಿಸುತ್ತಿದ್ದ ಕಾಲ. ಒಡೆದ ಮಡಕೆಗಳ ಗೋಡೆಯೊಂದು ಕಟಕಟ ಎನ್ನುತ್ತ ನಡೆದು ಬಂದಂತೆ ಒರಟು ಲಾವಾ ಬಂತು. ಇವಳು ಪರದೆ ಒಗೆದಳು, ನೆಲ ಒರೆಸಿದಳು. ಗೋಡೆ ಬಾಳೆಗಿಡಗಳ ಹತ್ತಿರ ನಿಂತುಬಿಟ್ಟಿತು. ಆಮೇಲೆ ಬೆಟ್ಟ ಬೇರೊಂದು ಕಡೆ ಬಾಯಿ ತೆರೆಯಿತು. ಕಾರಂಜಿ ಹೋಯಿತು, ವರ್ಷಗಟ್ಟಲೆಯ ಸೋರಿಕೆ ಶುರುವಾಯಿತು. ನುಣ್ಣನೆಯ ಲಾವಾ ಹೆಪ್ಪುಗಟ್ಟಿದ ತನ್ನದೇ ಪದರದಡಿ ಸುರಂಗ ಮಾಡಿಕೊಂಡು ಏಳು ಮೈಲಿ ಗುಟ್ಟಾಗಿ ಇಳಿದು, ತನಗೆ ತೋಚಿದಲ್ಲಿ ಗುಳಕ್ಕನೆ ಹೊರಬರುತ್ತಿತ್ತು. ಎರಡನೆಯ ಸಲ ನೀರಿನ ತೊಟ್ಟಿಯವರೆಗೆ ಬಂತು. ಇವಳು ಕಿಟಕಿ ಉಜ್ಜಿ ಮುಗಿಸುವಷ್ಟರಲ್ಲಿ ಬೆಟ್ಟ ಉಸಿರು ಬಿಗಿಹಿಡಿಯಿತು, ಬಂದದ್ದು ಅಲ್ಲೇ ಕಲ್ಲಾಯಿತು. ಮೂರನೆಯ ಸಲ ಏಣಿ ಹತ್ತಿ ಮಾಡನ್ನೂ ತೊಳೆದಳು. ಮೇಲೆಲ್ಲೋ ಸುರಂಗ ಒಡೆದು ಲಾವಾ ಪಕ್ಕದ ಹಾದಿ ಹಿಡಿದು ಕಡಲಿಗೆ ಹೋಯಿತು.

ಮೂರು ಸಲವೂ ಪೊರಕೆ ಕಾಣದೆ ಉಳಿದದ್ದು ಹೈರಮ್‌ನ ಷೆಡ್ಡು ಮಾತ್ರ. ಅದರಲ್ಲಿ ನಾಲ್ಕು ಕೆಟ್ಟ ಮೋಟಾರು, ಹರಿದ ಬಲೆಗಳು, ಬಾಗಿಲಿಲ್ಲದ ಫ್ರಿಜ್ಜು. ಅವನಿಗೆ ಅನುಮಾನವೇ ಇರಲಿಲ್ಲ. ಮನೆ ಪೂರ್ತಿ ಸಜ್ಜಾಗದೆ ಅಜ್ಜಿ ಒಳಗೆ ಕಾಲಿಡುವವಳಲ್ಲ. ಈ ಕಸವೇ ಮನೆಯ ಕಾವಲು.

ಅಷ್ಟರಲ್ಲಿ ಹೈರಮ್‌ನ ತಂಗಿಯ ಮಗ ಕವಿಕಾ ಲಾರಿ ತಂದು ನಿಲ್ಲಿಸಿದ.

"ಅಂಕಲ್, ಬೇಲಿ ನೋಡಿದ್ರಾ?"

ನೋಡಿದ. ಹಾಲಿನ ಕೆನೆಯಂತೆ ಸುಕ್ಕುಗಟ್ಟಿದ ಬೆಳ್ಳಿಬಣ್ಣದ ಚರ್ಮ ಸೀಳಿ, ಕೆಂಪು ಬೆರಳೊಂದು ಬೇಲಿಯ ಕಂಬವನ್ನು ಮುಟ್ಟುತ್ತಿತ್ತು. ಬೆಳಿಗ್ಗೆ ಮೊಣಕಾಲೆತ್ತರ ಇದ್ದ ಲಾವಾ ಒಳಗಿನಿಂದಲೇ ಉಬ್ಬಿ ಎದೆಮಟ್ಟ ಆಗಿತ್ತು. ಕಂಬ ಹೊಗೆಯಾಡಿತು. ಹೈರಮ್‌ನ ನಂಬಿಕೆಯೂ ಸ್ವಲ್ಪ ಹೊಗೆಯಾಡಿತು.

"ಮೇಲೆ ನನ್ ಜಾಗದಲ್ಲಿ ಒಂದು ಷೆಡ್ ಖಾಲಿ ಬಿದ್ದಿದೆ. ಪೂರಾ ನಿಮ್ದೇ ಅನ್ಕೊಳ್ಳಿ," ಎಂದ ಕವಿಕಾ. "ಕರೆಂಟೂ ಇದೆ."

"ಕರೆಂಟ್ ಇದ್ಯಾ?"

"ಮೂರ್ ಪಾಯಿಂಟು."

ಹೈರಮ್ ಮೋಟಾರು ಬಿಟ್ಟುಬಿಟ್ಟ. ಎಳೆಯುತ್ತಲೇ ಇದ್ದ ಲಹೆಲಾ ಮೋಟಾರು ಸಮೇತ ಕುಂಡೆಯೂರಿ ಕೂತಳು.

"ತಗೊಂಡ್ ಹೋಗಪ್ಪ," ಎಂದ ಹೈರಮ್, ಅವಳ ಮುಖ ನೋಡದೆ. "ಎಲ್ಲಾ ತಗೊಂಡ್ ಹೋಗು. ನಿಮ್ಮತ್ತೆ ಗೆದ್ಲು."

"ಕೊಡಿ ಆಂಟಿ. ಅರ್ಧ ಗಂಟೇಲಿ ಖಾಲಿ ಮಾಡಿ, ಗುಡ್ಸಿ, ಒರ್ಸಿ ಕೊಡ್ತೀನಿ. ಆಮೇಲೆ ಮನೇಲಿ ಒಂದ್ ಚೂರು ಕಸ ಇರಲ್ಲ."

ಲಹೆಲಾ ಮೋಟಾರನ್ನು ಮಡಿಲಲ್ಲಿಟ್ಟುಕೊಂಡೇ ಇದ್ದಳು. ಬೇಲಿಯನ್ನು ನೋಡಿದಳು. ಕಿಟಕಿಯಲ್ಲಿ ಆಡುತ್ತಿದ್ದ ಒಗೆದ ಪರದೆಯನ್ನು ನೋಡಿದಳು.

ಹೈರಮ್‌ಗೆ ಆಗ ಹೊಳೆಯಿತು. ಮುನ್ನೂರು ಜನ ಉಂಡೆದ್ದ ಚರ್ಚಿನ ಅಡುಗೆಮನೆಯನ್ನು ಒಂದೇ ಗಂಟೆಯಲ್ಲಿ ಫಳಫಳ ಮಾಡುವ ಹೆಂಗಸು ಇವಳು. ಹತ್ತಡಿ ಅಗಲದ ಷೆಡ್ಡು ಇಷ್ಟು ವರ್ಷ ಇವಳಿಗೆ ಬಗ್ಗಲಿಲ್ಲವೇ, ಇಲ್ಲ ಇವಳೇ ಬೇಕೆಂದು ಬಿಟ್ಟಳೇ? ಪ್ರತಿ ಸಲವೂ ಷೆಡ್ಡಿನ ಸರದಿ ಕಟ್ಟಕಡೆಗೇ. ಪ್ರತಿ ಸಲವೂ ಇದೇ ಮೋಟಾರು, ಇದೇ ತುದಿ.

ಲಹೆಲಾ ಎದ್ದಳು. ಮೋಟಾರನ್ನು ದರದರ ಒಳಗೆಳೆದು, ಮೊದಲಿದ್ದ ಮೂಲೆಯಲ್ಲೇ ಕೆಡವಿದಳು. ಕೈಲಿದ್ದ ಒರೆಸುವ ಬಟ್ಟೆಯನ್ನೂ ಅದರ ಮೇಲೆ ಬಿಸಾಡಿ ಹೊರಬಂದು, ಬಾಗಿಲು ಮುಚ್ಚಿ ಅದಕ್ಕೆ ಬೆನ್ನು ಕೊಟ್ಟು ನಿಂತಳು.

"ಆಂಟಿ, ಲಾರಿ ಸುಮ್ನೆ ನಿಂತಿದೆ. ನೀವೇ ಅಲ್ವಾ ಇಷ್ಟ್ ವರ್ಷ—"

"ಬೇಡ."